ಕುದುರೆ ಮದ್ದು ಮತ್ತು ಒಂದು ಸುಳ್ಳು

"ಅಕ್ಕಾ, ನಲವತ್ತೊಂದು!"

ಮಂಜುಳಾ ಫೋನಿನಲ್ಲಿ ಹೇಳಿದ್ದು ಇಷ್ಟೇ. ಗುಬ್ಬಿ ದಾಟಿ ಸಿ.ಎಸ್. ಪುರದ ಕಡೆಗೆ ಹೊರಟಿದ್ದ ಬಸ್ಸಿನಲ್ಲಿ ನಾನು ಕಂಡಕ್ಟರು. ಒಂದು ಕೈಯಲ್ಲಿ ಟಿಕೆಟ್ ಮಷೀನು, ಕಿವಿಗೂ ಭುಜಕ್ಕೂ ನಡುವೆ ಫೋನು, ತುಟಿಯಲ್ಲಿ ಸೀಟಿ. "ನಲವತ್ತೊಂದು" ಕಿವಿಗೆ ಬಿದ್ದದ್ದೇ ತಡ, ಆ ಸೀಟಿ ನನ್ನನ್ನು ಕೇಳದೆಯೇ ಒಮ್ಮೆ ಜೋರಾಗಿ ಕೂಗಿಬಿಟ್ಟಿತು. ನಮ್ಮಲ್ಲಿ ಒಂದು ಸೀಟಿ ಎಂದರೆ ಹೋಲ್ಡಾನ್, ನಿಲ್ಲಿಸು; ಎರಡು ಎಂದರೆ ರೈಟ್, ಹೊರಡು. ಡ್ರೈವರ್ ನಂಜಪ್ಪಣ್ಣ ಗಕ್ಕನೆ ಬ್ರೇಕ್ ಹಾಕಿದರು. ಊರೂ ಇಲ್ಲ, ಸ್ಟಾಪೂ ಇಲ್ಲ, ಎರಡೂ ಕಡೆ ತೆಂಗಿನ ತೋಟ.

"ಏನಮ್ಮ ಗಂಗಮ್ಮ, ಯಾರಿಳೀತಾರೆ ಇಲ್ಲಿ?"

"ಯಾರೂ ಇಲ್ಲ ಅಣ್ಣ! ನಲವತ್ತೊಂದಂತೆ!"

"ಲಾಟ್ರಿನಾ?" ಎಂದು ಹಿಂದಿನ ಸೀಟಿನಿಂದ ಯಾರೋ ಕೂಗಿದರು.

"ಪ್ಲೇಟ್ಲೆಟ್ಟು! ನಲವತ್ತೊಂದು ಸಾವಿರ!"

ಡೆಂಗ್ಯೂ ಪುಣ್ಯದಿಂದ ನಮ್ಮ ಕಡೆ ಪ್ಲೇಟ್ಲೆಟ್ ಎಂದರೆ ಗೊತ್ತಿಲ್ಲದವರು ಯಾರೂ ಇಲ್ಲ. ಮುಂದಿನ ಸೀಟಿನ ಅಜ್ಜ ಮರುಕದಿಂದ, "ಅಯ್ಯೋ, ನಲವತ್ತೊಂದೇಯಾ? ನಮ್ಮಳಿಯಂಗೆ ಅರವತ್ತಿದ್ದಾಗ್ಲೇ ಅಡ್ಮಿಟ್ ಮಾಡ್ಕಂಡಿದ್ರು ಕಣವ್ವ" ಎಂದ. ನನಗೆ ನಗು ತಡೆಯಲಾಗಲಿಲ್ಲ. ಹಿಂದೆಯೇ ಅಳುವೂ ಬಂತು. ಐದು ಸಾವಿರ, ಏಳು ಸಾವಿರ, ಮತ್ತೆ ನಾಲ್ಕು ಸಾವಿರ ಎಂದು ಆರು ತಿಂಗಳು ಕಾದವರಿಗೆ, ಯಾರ ರಕ್ತವನ್ನೂ ಏರಿಸದೆ ಮಗುವಿನ ಮೈ ತಾನಾಗಿ ಮಾಡಿಕೊಂಡ ನಲವತ್ತೊಂದು ಸಾವಿರ ಏನೆಂದು ಆ ಅಜ್ಜನಿಗೆ ಹೇಗೆ ತಿಳಿಸಲಿ? ಬಸ್ಸಿನಲ್ಲಿದ್ದವರಿಗೆಲ್ಲ ಹೇಳಿಬಿಟ್ಟೆ. ಸಿ.ಎಸ್. ಪುರದ ಏಳು ವರ್ಷದ ಹಂಸ, ಮಂಜುಳಾಳ ಮಗಳು, ಗೆದ್ದಳು ಎಂದೆ. ಕೆಲವರು ಚಪ್ಪಾಳೆ ತಟ್ಟಿದರು. ನಂಜಪ್ಪಣ್ಣ ಕನ್ನಡಿಯಲ್ಲಿ ನನ್ನನ್ನು ನೋಡಿ, "ಹೋಲ್ಡಾನಾ, ರೈಟಾ? ಯಾವುದಾದ್ರೂ ಒಂದು ಹೇಳಮ್ಮ" ಎಂದರು.

ಆ ದಿನ ನಾನು ಯಾಕೆ ಅಷ್ಟು ಕುಣಿದೆ ಎಂಬುದು ನಿಮಗೆ ಅರ್ಥವಾಗಬೇಕಾದರೆ ನನ್ನ ಮಗನಿಂದ ಶುರು ಮಾಡಬೇಕು.

ಮಗನ ಹೆಸರು ಚೇತನ್, ಮನೆಯಲ್ಲಿ ಚೇತು. ಒಂಬತ್ತು ವರ್ಷ. ಮಗ್ಗಿ ಬರೆಯದೆ ಗಾಳಿಪಟ ಹಿಡಿದು ಓಡಿದ್ದಕ್ಕೆ ಒಂದು ಸಂಜೆ ಅವನ ಬೆನ್ನಿಗೆ ಒಂದು ಏಟು ಹಾಕಿದೆ. ದೊಡ್ಡ ಏಟೇನಲ್ಲ, ಎಲ್ಲ ತಾಯಂದಿರೂ ಹಾಕುವಂಥದ್ದು. ಮಾರನೆಯ ದಿನ ಸ್ನಾನ ಮಾಡಿಸುವಾಗ ನನ್ನ ನಾಲ್ಕು ಬೆರಳೂ ಅವನ ಬೆನ್ನಿನ ಮೇಲೆ ನೀಲಿಯಾಗಿ ಮೂಡಿದ್ದವು. ನಾಲ್ಕು ದಿನವಾದರೂ ಹೋಗಲಿಲ್ಲ. ನಮ್ಮ ಯಜಮಾನರು ಹಿರೇಹಳ್ಳಿಯ ಒಂದು ವರ್ಕ್‌ಶಾಪಿನಲ್ಲಿ ಲೇತ್ ಮಷೀನಿನ ಕೆಲಸದವರು, ಮಾತು ಕಮ್ಮಿ. ಅವತ್ತು ಮಾತ್ರ, "ಮಗೀಗೆ ಹಿಂಗಾ ಹೊಡೆಯೋದು?" ಎಂದು ರೇಗಿದರು. ಅಪರಾಧಿಯ ಹಾಗೆ ನಾನೇ ಅವನನ್ನು ತುಮಕೂರಿನ ಮಕ್ಕಳ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅವರು ಬೆನ್ನು ನೋಡಿದರು, ಕಾಲು ನೋಡಿದರು, ಬಾಯಿ ತೆರೆಸಿ ವಸಡು ನೋಡಿದರು. ರಕ್ತ ಪರೀಕ್ಷೆಗೆ ಬರೆದುಕೊಡುತ್ತ, "ನೀವು ಹೊಡೆದದ್ದಕ್ಕೆ ಆಗಿದ್ದಲ್ಲಮ್ಮ ಇದು" ಎಂದರು. ಆಗ ನನಗೆ ಸಮಾಧಾನವೇ ಆಯಿತು ನೋಡಿ! ಎಂಥ ಹುಚ್ಚಿ ನಾನು.

ಒಂದೇ ವಾರದಲ್ಲಿ ನಾವು ಬೆಂಗಳೂರಿನ ದೊಡ್ಡ ಆಸ್ಪತ್ರೆಯ ಸ್ಟೀಲ್ ಕುರ್ಚಿಗಳ ಮೇಲೆ ಕೂತಿದ್ದೆವು. ಸೊಂಟದ ಮೂಳೆಗೆ ಸೂಜಿ ಹಾಕಿ ನೋಡಿ, ಅಪ್ಲಾಸ್ಟಿಕ್ ಅನೀಮಿಯಾ ಎಂದರು. ರಕ್ತ ತಯಾರು ಮಾಡುವ ಮಜ್ಜೆ ಕೆಲಸ ನಿಲ್ಲಿಸಿಬಿಟ್ಟಿದೆ ಎಂದರು. ಇದಕ್ಕಿಂತ ಹೆಚ್ಚು ನನ್ನನ್ನು ಕೇಳಬೇಡಿ, ನಿಮ್ಮ ಡಾಕ್ಟರನ್ನು ಕೇಳಿ. ನನಗೆ ಗೊತ್ತಿರುವುದು ಆ ಕುರ್ಚಿಗಳ ವಿಷಯ. ಅಲ್ಲಿ ಯಾರೂ ಯಾರ ಹೆಸರನ್ನೂ ಕೇಳುವುದಿಲ್ಲ. "ನಿಮ್ದೆಷ್ಟು?" ಎನ್ನುತ್ತಾರೆ. ರಿಸಲ್ಟ್ ದಿನ ಶಾಲೆಯ ಗೇಟಿನಲ್ಲಿ ಮಾರ್ಕ್ಸ್ ಕೇಳಿದ ಹಾಗೆ. "ನಮ್ದು ಎಂಟು." "ನಮ್ದು ಹದಿನೆಂಟು, ಹೋದ ವಾರ ಇಪ್ಪತ್ತಿತ್ತು." ಹದಿನೆಂಟಿನವರನ್ನು ಕಂಡು ಎಂಟಿನವರಿಗೆ ಹೊಟ್ಟೆಕಿಚ್ಚು. ನನಗೂ ಆಗಿದೆ, ನಾಚಿಕೆ ಬಿಟ್ಟು ಹೇಳುತ್ತೇನೆ.

ಒಡಹುಟ್ಟಿದವರ ಮಜ್ಜೆ ಹೊಂದಿದರೆ ಅದನ್ನು ಕೊಡಿಸಬಹುದು ಎಂದರು. ಮಗಳು ದೀಪಾ, "ನಂದೆಲ್ಲ ತಗೊಳ್ಳಿ" ಎಂದು ಕೈ ಚಾಚಿ ಕೂತಳು. ಹೊಂದಲಿಲ್ಲ. ಮೂರು ದಿನ ಅವಳು ತಮ್ಮನ ಮುಖ ನೋಡಲಿಲ್ಲ, ಏನೋ ತಾನೇ ಫೇಲಾದವಳಂತೆ. ಆಗ ಡಾಕ್ಟರು ಇನ್ನೊಂದು ದಾರಿ ಹೇಳಿದರು. ನಾಲ್ಕು ದಿನ ಡ್ರಿಪ್ಪಿನಲ್ಲಿ ಕೊಡುವ ಔಷಧಿ, ಕುದುರೆಯ ರಕ್ತದಿಂದ ತಯಾರಾಗುವಂಥದ್ದು. ಕೆಲವು ಮಕ್ಕಳಿಗೆ ಹತ್ತುತ್ತದೆ, ಕೆಲವರಿಗೆ ಹತ್ತುವುದಿಲ್ಲ. ಗೊತ್ತಾಗಲು ತಿಂಗಳುಗಳೇ ಬೇಕು.

ಕುದುರೆ ಎಂಬ ಮಾತು ಕುಣಿಗಲ್ಲಿನಲ್ಲಿದ್ದ ನಮ್ಮ ಅತ್ತೆ ಸಿದ್ದಮ್ಮನವರ ಕಿವಿಗೆ ಬಿತ್ತು. ಅಷ್ಟೇ ಬೇಕಿತ್ತು! ಅತ್ತೆ ವಯಸ್ಸಿನಲ್ಲಿ ಅಲ್ಲಿನ ಕುದುರೆ ಫಾರಂನಲ್ಲಿ ಹುಲ್ಲು ಕೊಯ್ಯುವ ಕೂಲಿಗೆ ಹೋಗುತ್ತಿದ್ದವರು. "ನಮ್ಮೂರ್ ಕುದ್ರೇನಾ?" ಎಂದು ಎದ್ದು ನಿಂತರು. "ಅಲ್ಲ ಅತ್ತೆ, ಇದು ಎಲ್ಲೋ ಹೊರದೇಶದ್ದು" ಎಂದರೆ ಯಾರು ಕೇಳಬೇಕು. "ಎಲ್ಲಿದ್ರೇನ್ಲೇ, ಕುದುರೆ ಜಾತಿ ಒಂದೇ ಅಲ್ವಾ? ಅವತ್ತು ನಾನಾಕಿದ್ ಹುಲ್ಲು ಇವತ್ತು ನನ್ ಮೊಮ್ಮಗನ್ನ ಕಾಯಕ್ ಬಂತು" ಎಂದು ಊರಿಗೆಲ್ಲ ಸಾರಿದರು. ದಿನವೂ ಬೆಳಿಗ್ಗೆ ಫಾರಂ ಬೇಲಿಯ ಹತ್ತಿರ ಹೋಗಿ ಕುದುರೆಗಳಿಗೆ ಕೈ ಮುಗಿದು ಬರುತ್ತಿದ್ದರು. ಕುದುರೆಗೆ ಬಲ ಬರುವುದು ಹುರುಳಿಯಿಂದ, ಆದ್ದರಿಂದ ಮಗುವಿಗೂ ಹುರುಳಿ ಕಟ್ಟಿನ ಸಾರು ಎಂದು ಕುದಿಕುದಿಸಿ ಕಳಿಸುತ್ತಿದ್ದರು. "ಅತ್ತೆ, ನಿಮ್ಮ ಮಾತಲ್ಲಿ ಹುರುಳಿಲ್ಲ" ಎಂದು ನಾನು ಚುಡಾಯಿಸಿದರೆ, "ಸಾರಲ್ಲೈತಲ್ಲ, ಕುಡಿ" ಎನ್ನುತ್ತಿದ್ದರು.

ಚಳಿ, ನಡುಕ, ಮೈಯೆಲ್ಲ ದದ್ದು. ಆ ನಾಲ್ಕು ದಿನ ಕಳೆದವು. ಆಮೇಲೆ ದಿನಾ ನುಂಗುವ ಇನ್ನೊಂದು ಮಾತ್ರೆಯಿಂದ ಚೇತುವಿನ ಕೈಕಾಲು, ಹಣೆ, ಮೇಲ್ದುಟಿಯ ಮೇಲೆಲ್ಲ ಕಪ್ಪು ಕೂದಲು ಬೆಳೆಯಿತು. ಅತ್ತೆಗೆ ಇದಕ್ಕಿಂತ ಸಾಕ್ಷಿ ಬೇಕೇ? "ಕುದುರೆ ಹತ್ಕೊಂತು!" ಎಂದರು. ಚೇತು ಕನ್ನಡಿ ಮುಂದೆ ನಿಂತು ಒಂಬತ್ತು ವರ್ಷಕ್ಕೇ ಬಂದ ಮೀಸೆ ತಿರುವುತ್ತ, "ಅಪ್ಪಂಗಿಂತ ನಂದೇ ಚೆನ್ನಾಗೈತೆ" ಎನ್ನುತ್ತಿದ್ದ. ಅವನಿಗೆ ನನ್ನ ಸೀಟಿ ಊದುವ ಆಸೆ. ವಸಡಿನಿಂದ ರಕ್ತ ಬರುತ್ತದೆಂದು ನಾನು ಬಿಡುತ್ತಿರಲಿಲ್ಲ. "ಕೌಂಟ್ ಐವತ್ತಾಗ್ಲಿ, ಕೊಡ್ತೀನಿ" ಎಂದಿದ್ದೆ.

ಐವತ್ತಾಗಲಿಲ್ಲ. ಹತ್ತನ್ನೂ ದಾಟಲಿಲ್ಲ. ಐದನೆಯ ತಿಂಗಳು ಒಂದು ಜ್ವರ ಬಂತು. ಆ ಜ್ವರದ ಮಾತನ್ನು ಅದರ ಜಾಗದಲ್ಲಿ ಹೇಳುತ್ತೇನೆ. ಚೇತು ಹೋದ. ಕುಣಿಗಲ್ಲಿನಲ್ಲಿ, ಅತ್ತೆಯ ಮನೆಯ ಹಿಂದಿನ ಹೊಲದ ಮೂಲೆಯಲ್ಲಿ ಅವನನ್ನು ಮಣ್ಣು ಮಾಡಿ ಒಂದು ಕಲ್ಲು ನೆಟ್ಟೆವು. ಅಲ್ಲಿಂದ ನೋಡಿದರೆ ದೂರದಲ್ಲಿ ಫಾರಂ ಬೇಲಿ ಕಾಣುತ್ತದೆ. ಅತ್ತೆ ಕುದುರೆಗಳ ಕಡೆ ಮುಖ ಹಾಕುವುದನ್ನು ಬಿಟ್ಟರು. ಹುರುಳಿಯನ್ನು ಮನೆಯೊಳಕ್ಕೇ ಸೇರಿಸಲಿಲ್ಲ.

ನನ್ನದು ಆಗ ತುಮಕೂರು–ಕುಣಿಗಲ್ ರೂಟು. ದಿನಕ್ಕೆ ನಾಲ್ಕು ಸಲ ಕುದುರೆ ಫಾರಂ ಮುಂದೆ ಹಾದು ಹೋಗಬೇಕು. ಆ ಸ್ಟಾಪಿನ ಹೆಸರು ಬಾಯಲ್ಲಿ ಬರುತ್ತಿರಲಿಲ್ಲ. ಜನ ತಾವೇ ಎದ್ದು ಇಳಿದುಕೊಳ್ಳುತ್ತಿದ್ದರು. ಕೊನೆಗೆ ಡಿಪೋದಲ್ಲಿ ಕಾಡಿ ಬೇಡಿ ಗುಬ್ಬಿ–ಸಿ.ಎಸ್. ಪುರದ ರೂಟು ಹಾಕಿಸಿಕೊಂಡೆ. ಅಲ್ಲಿ ಕುದುರೆ ಇಲ್ಲ, ಗುರುತಿನವರೂ ಇಲ್ಲ. ಒಂದೇ ಒಂದು ಕಷ್ಟ, ಬಸ್ಸಿನ ಹೆಂಗಸರು ಕೂತು ಎರಡು ನಿಮಿಷಕ್ಕೆ ಕೇಳುವ ಪ್ರಶ್ನೆ: "ನಿಮಗೆ ಮಕ್ಕಳೆಷ್ಟು?" ಒಬ್ಬಳು ಎಂದರೆ ಚೇತುವಿಗೆ ಮೋಸ. ಇಬ್ಬರು ಎಂದರೆ, "ಎರಡನೆಯವನು ಏನು ಮಾಡ್ತವ್ನೆ?" ಎಂಬ ಮುಂದಿನ ಪ್ರಶ್ನೆ. ಮಗುವನ್ನು ಕಳೆದುಕೊಂಡವರಿಗೆಲ್ಲ ಇದು ಗೊತ್ತು. ನಾನು "ಟಿಕೆಟ್ ಟಿಕೆಟ್" ಎನ್ನುತ್ತ ಮುಂದೆ ಹೋಗಿಬಿಡುತ್ತಿದ್ದೆ.

ಹೀಗೇ ನಾಲ್ಕು ವರ್ಷ ಕಳೆದ ಮೇಲೆ ಒಂದು ದಿನ ಗುಬ್ಬಿಯಲ್ಲಿ ಒಬ್ಬ ಹೆಂಗಸು ಹತ್ತಿದಳು. ಪಕ್ಕದಲ್ಲಿ ಮಾಸ್ಕ್ ಹಾಕಿದ ಹುಡುಗಿ. ಹುಡುಗಿಯ ಕಾಲ ಮೇಲೆ ಸಾಸಿವೆ ಕಾಳಿನಷ್ಟು ಕೆಂಪು ಚುಕ್ಕಿಗಳು. ತಾಯಿಯ ಕಂಕುಳಲ್ಲಿ ಅದೇ ಆಸ್ಪತ್ರೆಯ ಅದೇ ದಪ್ಪ ಫೈಲು. ನನ್ನ ಕಾಲು ಅಲ್ಲೇ ನಿಂತಿತು.

"ಎಷ್ಟು?" ಎಂದೆ.

"ಒಂದು ಫುಲ್ಲು, ಒಂದು ಹಾಫು."

"ಅಲ್ಲಮ್ಮ, ಕೌಂಟ್ ಎಷ್ಟು?"

ಅವಳು ತಲೆಯೆತ್ತಿ ನನ್ನನ್ನು ನೋಡಿದ ರೀತಿಯನ್ನು ನಾನು ಸಾಯುವತನಕ ಮರೆಯುವುದಿಲ್ಲ. ಜಾತ್ರೆಯಲ್ಲಿ ತಪ್ಪಿಸಿಕೊಂಡ ಮಗುವಿಗೆ ಗುರುತಿನ ಮುಖ ಕಂಡ ಹಾಗೆ. "ಐದು ಸಾವಿರ" ಎಂದಳು. "ನಿಮಗೆಂಗೆ ಗೊತ್ತಾಯ್ತಕ್ಕ?"

"ನನ್ನ ಮಗನಿಗೂ ಇದೇ. ಕುದುರೆ ಮದ್ದೇ ಕೊಟ್ಟಿದ್ದು."

"ನಮಗೂ ಅದೇ ಕೊಡ್ತೀವಿ ಅಂದವ್ರೆ!" ಅವಳು ನನ್ನ ಕೈ ಹಿಡಿದುಕೊಂಡಳು. ಆ ಕೈ ತಣ್ಣಗಿತ್ತು. "ಈಗ ಹೆಂಗಿದಾನಕ್ಕ ನಿಮ್ಮ ಮಗ?"

ಇಲ್ಲ ಎನ್ನಬೇಕಿತ್ತು. ಎರಡೇ ಅಕ್ಷರ. ಆ ಹುಡುಗಿ ಮಾಸ್ಕಿನ ಮೇಲಿಂದ ಕಣ್ಣರಳಿಸಿ ನನ್ನನ್ನೇ ನೋಡುತ್ತಿದ್ದಳು.

"ಚೆನ್ನಾಗಿದಾನೆ. ಕುಣಿಗಲ್ಲಲ್ಲಿ, ಅಜ್ಜಿ ಮನೇಲಿದಾನೆ" ಎಂದೆ.

ಆಮೇಲೆ ನನ್ನನ್ನು ನಾನೇ ಸಮಾಧಾನ ಮಾಡಿಕೊಂಡೆ. ಕುಣಿಗಲ್ಲಿನಲ್ಲಿ ಇರುವುದು ಸುಳ್ಳಲ್ಲವಲ್ಲ, ಅಜ್ಜಿ ಮನೆಯ ಹತ್ತಿರವೇ ಇದ್ದಾನಲ್ಲ ಎಂದು.

ಅವಳೇ ಮಂಜುಳಾ, ಹುಡುಗಿಯೇ ಹಂಸ. ಅವತ್ತಿನಿಂದ ನಾನು ಅವರ ಮನೆಗೆ ಡ್ಯೂಟಿಗೆ ಬಿದ್ದೆ. ಸೀಬೆಹಣ್ಣು, ಬಿಸ್ಕತ್ ಹಿಡಿದುಕೊಂಡು ನೋಡಲು ಬರುವ ನೆಂಟರನ್ನು ಸೋಂಕಿನ ಭಯಕ್ಕೆ ಬಾಗಿಲಲ್ಲೇ ನಿಲ್ಲಿಸುವುದು ಹೇಗೆ ಎಂದು ಹೇಳಿಕೊಟ್ಟೆ. ಮಂಜುಳಾಗೆ ಸಂಕೋಚ. "ಮನೇಗ್ ಬಂದೋರ್ನ ಬರ್ಬೇಡಿ ಅನ್ನೋದೆಂಗಕ್ಕ?" "ಕಂಡಕ್ಟರ್ ಥರ ಅನ್ನು. ಸೀಟಿಲ್ಲ, ಮುಂದಿನ ಬಸ್ಸಿಗೆ ಬನ್ನಿ ಅನ್ನು." ಪ್ಲೇಟ್ಲೆಟ್ ಕೊಡಲು ಹಿರೇಹಳ್ಳಿಯಿಂದ ನಮ್ಮ ಯಜಮಾನರ ಜೊತೆ ಕೆಲಸದವರನ್ನು ಪಾಳಿಯ ಮೇಲೆ ಕಳಿಸಿದೆ. ಸೂಜಿ ಕಂಡರೆ ಬೆವರುವ ನಂಜಪ್ಪಣ್ಣನನ್ನೂ ಬಿಡಲಿಲ್ಲ. ಬ್ಲಡ್ ಬ್ಯಾಂಕಿನಲ್ಲಿ ಪ್ಲೇಟ್ಲೆಟ್ ಚೀಲಗಳನ್ನು ಒಂದು ಮಷೀನು ಸದಾ ಅಲ್ಲಾಡಿಸುತ್ತಲೇ ಇರುತ್ತದೆ, ನಿಂತರೆ ಕೆಡುತ್ತವಂತೆ. ಅದನ್ನು ನೋಡಿ ನಂಜಪ್ಪಣ್ಣ, "ನಮ್ ಬಸ್ಸಿನ ಲಾಸ್ಟ್ ಸೀಟಲ್ಲಿಟ್ರೆ ಕರೆಂಟ್ ಉಳಿಯೋದು" ಎಂದರು.

ಹಂಸನಿಗೂ ಕೂದಲು ಬೆಳೆಯತೊಡಗಿದಾಗ ಕ್ಲಾಸಿನವರು ನಗುತ್ತಾರೆಂದು ಅಳುತ್ತ ಕೂತಳಂತೆ. ಫೋನಿನಲ್ಲಿ ಚೇತುವಿನ ಮೀಸೆಯ ಕಥೆ ಹೇಳಿದೆ. ಅಳು ನಿಂತಿತು. ಅಲ್ಲಿಂದ ಶುರುವಾಯಿತು ನೋಡಿ. "ಚೇತಣ್ಣ ಈಗ ಎಷ್ಟನೇ ಕ್ಲಾಸು?" "ಎಂಟು." "ಚೇತಣ್ಣನ ಹತ್ರ ಮಾತಾಡ್ಬೇಕು." "ಸ್ಕೂಲಿಗೆ ಹೋಗಿದಾನೆ ಕಣೇ." ಒಂದು ಸುಳ್ಳಿಗೆ ಹತ್ತು ಸುಳ್ಳು ಎನ್ನುವುದು ಸುಮ್ಮನೆ ಅಲ್ಲ. ಆದರೆ ನಿಜ ಹೇಳಲೇ? ನನಗೆ ಖುಷಿಯಾಗುತ್ತಿತ್ತು. ಅವಳು ಕೇಳಿದಷ್ಟೂ ನನ್ನ ಮಗ ಬೆಳೆಯುತ್ತಿದ್ದ. ಸೈಕಲ್ ಕಲಿತ, ಗಣಿತದಲ್ಲಿ ಕಡಿಮೆ ಮಾರ್ಕ್ಸ್ ತೆಗೆದ, ಅಜ್ಜಿಯಿಂದ ಬೈಸಿಕೊಂಡ. ಇದು ನಮ್ಮ ಯಜಮಾನರ ಕಿವಿಗೆ ಬಿದ್ದ ದಿನ ಅವರು ಊಟದ ತಟ್ಟೆ ಬಿಟ್ಟು ಎದ್ದರು. "ಆ ಹೆಣ್ಮಗಳು ನಿನ್ನ ಮಾತ ನಂಬ್ಕೊಂಡು ಕೂತವ್ಳೆ. ಬ್ಯಾಡ ಕಣೇ" ಎಂದರು. ನಾಳೆ ಹೇಳುತ್ತೇನೆ ಎಂದೆ. ನಾಳೆಗಳು ಹೋಗುತ್ತಲೇ ಇದ್ದವು. ಹಂಸನ ಕೌಂಟು ಮಾತ್ರ ಏರಲಿಲ್ಲ. ಒಂದು ತಿಂಗಳು, ಮೂರು ತಿಂಗಳು, ಐದು.

ಐದನೆಯ ತಿಂಗಳ ಒಂದು ಭಾನುವಾರ ಮಧ್ಯಾಹ್ನ. ತುಮಕೂರು ಸ್ಟ್ಯಾಂಡಿನಲ್ಲಿ ಬಸ್ಸು ತುಂಬಿ ಹೊರಡುವುದರಲ್ಲಿತ್ತು. ಮಂಜುಳಾ ಫೋನು ಮಾಡಿದಳು.

"ಅಕ್ಕ, ಹಂಸಂಗೆ ಮೈ ಬೆಚ್ಚಗೈತೆ. ನೂರಾ ಒಂದು. ಮಾತ್ರೆ ಕೊಟ್ಟಿದೀನಿ, ಇಳೀತೈತೆ ಅನ್ಸುತ್ತೆ. ಹೆಂಗಿದ್ರೂ ನಾಳೆ ಚೆಕಪ್ಪಿಗೆ ಹೋಗ್ಬೇಕಲ್ಲ, ನಾಳೇನೇ ತೋರ್ಸಣ ಅಂತಿದಾರೆ ಇವ್ರು." ಆಮೇಲೆ ಕೇಳಿದಳು: "ಚೇತುಗೂ ಜ್ವರ ಬಂದಿತ್ತಾ ಅಕ್ಕ? ನೀವೇನ್ ಮಾಡಿದ್ರಿ?"

ಈಗ ಆ ಜ್ವರದ ಮಾತು. ಚೇತುವಿಗೆ ಬಂದದ್ದೂ ನೂರಾ ಒಂದೇ. ಅವತ್ತು ಶನಿವಾರ. ಮಾತ್ರೆ ಕೊಟ್ಟೆ, ಇಳಿಯಿತು. ಭಾನುವಾರ ದೊಡ್ಡ ಡಾಕ್ಟರು ಇರುವುದಿಲ್ಲ, ಸೋಮವಾರ ಬೆಳಿಗ್ಗೆ ಮೊದಲ ಬಸ್ಸಿಗೆ ಹೋಗೋಣ ಎಂದು ನಾನೇ ಹೇಳಿದೆ. ಜ್ವರ ಬಂದರೆ ಒಂದು ಗಂಟೆಯೂ ಕಾಯಬೇಡಿ ಎಂದು ಫೈಲಿನ ಮೇಲೆ ಕೆಂಪು ಶಾಯಿಯಲ್ಲಿ ಬರೆದಿತ್ತು. ಓದಿದ್ದೆ. ಜ್ವರ ಇಳಿಯಿತಲ್ಲ ಎಂದುಕೊಂಡೆ. ಭಾನುವಾರ ಸಂಜೆಗೆ ಅವನ ಕೈಕಾಲು ತಣ್ಣಗಾದವು. ಬೇಗ ಬಂದಿದ್ದರೂ ಹೀಗೇ ಆಗಬಹುದಿತ್ತಮ್ಮ ಎಂದು ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರು ನನ್ನ ಭುಜ ಮುಟ್ಟಿ ಹೇಳಿದರು. ಇರಬಹುದು. ನನಗೆ ಗೊತ್ತಿಲ್ಲ. ಯಾರಿಗೂ ಗೊತ್ತಾಗುವುದೂ ಇಲ್ಲ.

"ಅಕ್ಕ? ಕೇಳಿಸ್ತಾ? ಚೇತುಗೆ ಏನ್ ಮಾಡಿದ್ರಿ?"

"ಕಾದೆ" ಎಂದೆ. "ಬೆಳಿಗ್ಗೆ ಹೋದ್ರಾಯ್ತು ಅಂತ ಕಾದೆ ಕಣೇ ಮಂಜುಳಾ. ಚೇತು ಇಲ್ಲ. ಸತ್ತೋದ. ಇದೇ ಜ್ವರಕ್ಕೆ ಸತ್ತೋದ. ನೀನು ಕಾಯ್ಬೇಡ. ಈಗ್ಲೇ ಹೊರಡು."

ಐವತ್ತು ಜನ ತುಂಬಿದ್ದ ಬಸ್ಸೆಲ್ಲ ನನ್ನ ಕಡೆ ತಿರುಗಿತು. ಅಷ್ಟು ವರ್ಷದಲ್ಲಿ ಆ ಮಾತನ್ನು ನಾನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು.

"ಸುಳ್ಳೇಳಿದ್ರಾ?" ಮಂಜುಳಾಳ ದನಿ ಸಣ್ಣಗಾಯಿತು. "ಇಷ್ಟು ದಿನಾನೂ?"

"ಹೂಂ. ಬೈಯೋದಿದ್ರೆ ಆಮೇಲೆ ಬೈಯಿ, ಹೊಡಿಯೋದಿದ್ರೆ ಹೊಡಿ. ಮೊದ್ಲು ಹೊರಡು. ಬಸ್ಸು ಬೇಡ, ಯಾರದ್ದಾದ್ರೂ ಕಾರ್ ಮಾಡ್ಕೊ. ತುಮಕೂರಲ್ಲೇ ಮೊದಲ್ನೇ ಇಂಜೆಕ್ಷನ್ ಹಾಕ್ಸು, ಫೈಲಲ್ಲಿ ಬರ್ದೈತೆ ನೋಡು."

ಫೋನು ಕಟ್ಟಾಯಿತು. ಸಂಜೆ ಅವಳ ಗಂಡ ಲೋಕೇಶನಿಂದ ಒಂದು ಮೆಸೇಜು ಬಂತು. ಹಾಲಿನ ಡೇರಿ ಸೆಕ್ರೆಟರಿಯ ಕಾರಿನಲ್ಲಿ ಹೋದೆವು, ಇಂಜೆಕ್ಷನ್ ಆಯಿತು, ಬೆಂಗಳೂರಿಗೆ ಹೊರಟಿದ್ದೇವೆ ಎಂದು. ಅಷ್ಟೇ. ಆಮೇಲೆ ಹತ್ತು ದಿನ ಯಾವ ಸುದ್ದಿಯೂ ಇಲ್ಲ. ನಾನು ಫೋನು ಮಾಡಲಿಲ್ಲ. ಮಾಡುವ ಮುಖ ಎಲ್ಲಿತ್ತು?

ಹನ್ನೊಂದನೆಯ ದಿನ ಮಂಜುಳಾ ಒಬ್ಬಳೇ ಗುಬ್ಬಿಯಲ್ಲಿ ಬಸ್ಸು ಹತ್ತಿದಳು. ಮನೆಯಿಂದ ಬಟ್ಟೆ ತರಲು ಹೊರಟಿದ್ದಳು. ಟಿಕೆಟ್ ಕೊಟ್ಟೆ. ತೆಗೆದುಕೊಂಡು ಕಿಟಕಿಯ ಕಡೆ ತಿರುಗಿದಳು. ಸಿ.ಎಸ್. ಪುರ ಬಂತು, ಎಲ್ಲರೂ ಇಳಿದರು. ಅವಳು ಬಾಗಿಲಿನಲ್ಲಿ ನಿಂತಳು.

"ಸಂಜೆಗಂಟ ಕಾದಿದ್ರೆ ಕೈ ಮೀರೋಗ್ತಿತ್ತು ಅಂದ್ರು ಡಾಕ್ಟ್ರು. ಈಗ ಜ್ವರ ಇಲ್ಲ." ಬಾಗಿಲ ಕಂಬಿ ಹಿಡಿದುಕೊಂಡೇ ಕೇಳಿದಳು: "ಅವನ ಹೆಸರು ಚೇತನ್ ಅನ್ನೋದಾದ್ರೂ ನಿಜಾನಾ?"

"ನಿಜ."

"ಮೀಸೆ?"

"ಅದೂ ನಿಜ."

ಅವಳ ಮುಖದಲ್ಲಿ ನಗುವೋ ಅಳುವೋ ಒಂದು ಹಾದು ಹೋಯಿತು. "ಹಂಸಂಗೆ ನಾನೇನೂ ಹೇಳಿಲ್ಲ. ಅವಳಿಗೆ ಸುಳ್ಳೇಳಿದೋರು ನೀವು, ನಿಜಾನೂ ನೀವೇ ಹೇಳ್ಬೇಕು" ಎಂದು ಇಳಿದು ಹೋದಳು. ನನಗೆ ಬೈಗುಳ ತಿಂದು ಅಷ್ಟು ಹಗುರವಾದದ್ದು ಅದೇ ಮೊದಲು.

ಅದಾದ ನಾಲ್ಕನೆಯ ವಾರಕ್ಕೆ ಹದಿನಾರು. ಆಮೇಲೆ ಇಪ್ಪತ್ತೆಂಟು. ಆಮೇಲೆ ನಾನು ಬಸ್ಸು ನಿಲ್ಲಿಸಿದ ಆ ನಲವತ್ತೊಂದು! ಅಲ್ಲಿಂದ ಹಂಸನ ರಕ್ತಕ್ಕೆ ಓಟ ಹತ್ತಿತು. ಐವತ್ತೈದು, ಎಪ್ಪತ್ತು. ಹೊರಗೆ ಓಡಾಡಬಹುದು ಎಂದು ಡಾಕ್ಟರು ಹೇಳಿದ ದಿನ ಅವಳು ಕೇಳಿದ್ದು ಒಂದೇ: "ನಂಗೆ ಮದ್ದು ಕೊಟ್ಟ ಕುದುರೆ ನೋಡ್ಬೇಕು. ಚೇತಣ್ಣನ್ನೂ ನೋಡ್ಬೇಕು."

ಹೋದ ತಿಂಗಳು ಕುಣಿಗಲ್ಲಿಗೆ ಕರೆದುಕೊಂಡು ಹೋದೆವು. ದಾರಿಯುದ್ದಕ್ಕೂ ಏನು ಹೇಳಬೇಕೆಂದು ಮನಸ್ಸಿನಲ್ಲೇ ಬಾಯಿಪಾಠ ಮಾಡಿದೆ. ಅತ್ತೆಯ ಮನೆಯ ಮೆಟ್ಟಿಲು ಹತ್ತುವಾಗ ಮೂಗಿಗೆ ಬಡಿದ ವಾಸನೆಗೆ ಎಲ್ಲ ಮರೆತುಹೋಯಿತು. ಒಲೆಯ ಮೇಲೆ ಹುರುಳಿ ಕಟ್ಟಿನ ಸಾರು ಕುದಿಯುತ್ತಿತ್ತು. ಐದು ವರ್ಷದ ನಂತರ!

ಅತ್ತೆ ಹಂಸನ ಮುಖ ಎತ್ತಿ ಹಿಡಿದು, ಮೇಲ್ದುಟಿಯ ಮೇಲಿನ ಕೂದಲನ್ನು ಹೆಬ್ಬೆರಳಿನಿಂದ ಸವರಿ, "ಕುದುರೆ ಹತ್ಕೊಂಡೈತೆ" ಎಂದರು.

ಹಂಸ ಒಳಗೆಲ್ಲ ಇಣುಕಿ ಬಂದಳು. "ಅಜ್ಜಿ, ಚೇತಣ್ಣ ಎಲ್ಲವ್ನೆ?"

ಮಂಜುಳಾ ನನ್ನನ್ನೇ ನೋಡುತ್ತಿದ್ದಳು. ಮಾತು ಹೊರಡುವಷ್ಟರಲ್ಲಿ ಅತ್ತೆ ಹುಡುಗಿಯ ಕೈ ಹಿಡಿದು ಹಿತ್ತಿಲ ಬಾಗಿಲು ದಾಟಿ ಹೊಲದ ಮೂಲೆಗೆ ನಡೆದರು. ನಾವು ಹಿಂದೆ ಹೋದೆವು. ಕಲ್ಲಿನ ಮುಂದೆ ನಿಂತು ಅತ್ತೆ ಹೇಳಿದರು:

"ಇಲ್ಲವ್ನೆ ಕಣವ್ವ."

ನಮ್ಮ ಕಡೆ ಎಲ್ಲರೂ ದಿನಾ ಆಡುವ ಮಾತು ಅದು. ಇಲ್ಲಿದ್ದಾನೆ ಎಂದರ್ಥ. ಅದರಲ್ಲಿ "ಇಲ್ಲ" ಎಂಬುದೂ ಇದೆ, "ಅವ್ನೆ" ಎಂಬುದೂ ಇದೆ ಎಂದು ಅವತ್ತಿನತನಕ ನನ್ನ ಕಿವಿಗೆ ಬಿದ್ದಿರಲಿಲ್ಲ.

ಹಂಸ ಕಲ್ಲು ನೋಡಿದಳು, ನನ್ನನ್ನು ನೋಡಿದಳು. ನಾನು ಅವಳ ಮುಂದೆ ಮಂಡಿಯೂರಿ ಕೂತೆ. "ನಾನು ಸುಳ್ಳು ಹೇಳಿದ್ದೆ ಹಂಸ. ಅವನಿಗೂ ಕುದುರೆ ಮದ್ದು ಕೊಟ್ರು, ಹತ್ತಲಿಲ್ಲ. ಸತ್ತೋದ."

"ಯಾಕೆ ಹತ್ತಲಿಲ್ಲ?"

"ಗೊತ್ತಿಲ್ಲ ಕಣೇ. ಡಾಕ್ಟ್ರಿಗೂ ಗೊತ್ತಿಲ್ಲ."

ಅವಳು ಕಲ್ಲನ್ನು ಒಮ್ಮೆ ಮುಟ್ಟಿ ನೋಡಿದಳು. "ಸೈಕಲ್ಲು?"

"ಅದು ಸುಳ್ಳು."

"ಮೀಸೆ?"

"ಬಂದಿತ್ತು ಬುಡವ್ವ, ನಿನ್ಗಿಂತ ದಪ್ಪ!" ಎಂದರು ಅತ್ತೆ. ಹಂಸ ತನ್ನ ತುಟಿಯ ಮೇಲೆ ಬೆರಳಾಡಿಸಿಕೊಂಡು ಕಿಸಕ್ಕನೆ ನಕ್ಕಳು. ಅತ್ತೆ ನಕ್ಕರು, ಮಂಜುಳಾ ನಕ್ಕಳು. ಆ ಕಲ್ಲಿನ ಹತ್ತಿರ ನಾವು ನಕ್ಕದ್ದು ಅದೇ ಮೊದಲು.

ಆಗ ನಾನು ಪರ್ಸಿನಿಂದ ಒಂದು ಹೊಸ ಸೀಟಿ ತೆಗೆದೆ. ಮಂಜುಳಾ ಹಿಂದಿನ ದಿನವೇ ಅದನ್ನು ಅನ್ನದ ಪಾತ್ರೆಯಲ್ಲಿ ಹತ್ತು ನಿಮಿಷ ಕುದಿಸಿ ಕೊಟ್ಟಿದ್ದಳು. "ಇದು ಚೇತುಗೆ ಕೊಡ್ಬೇಕಾಗಿದ್ದು. ಐವತ್ತಾದ್ರೆ ಕೊಡ್ತೀನಿ ಅಂದಿದ್ದೆ. ನಿಂದು ಎಪ್ಪತ್ತಾಗೈತೆ."

ಹಂಸ ಕೈಯಲ್ಲಿ ಹಿಡಿದುಕೊಂಡು ತಿರುಗಿಸಿ ತಿರುಗಿಸಿ ನೋಡಿದಳು. ಬೇಲಿಯ ಆಚೆ ಕಂದು ಕುದುರೆಗಳು ತಲೆ ತಗ್ಗಿಸಿ ಮೇಯುತ್ತಿದ್ದವು. ಕಲ್ಲಿನ ಪಕ್ಕದಲ್ಲಿ ನೆಟ್ಟಗೆ ನಿಂತು, ಕೆನ್ನೆ ಉಬ್ಬಿಸಿ ಊದಿದಳು. ಕುದುರೆಗಳು ತಲೆಯೆತ್ತಿ ಹಾಗೇ ನಿಂತವು. ವಸಡಿನಲ್ಲಿ ರಕ್ತ ಬಂದಿತೇನೋ ಎಂದು ಮಂಜುಳಾ ಓಡಿ ಹೋಗಿ ಅವಳ ಬಾಯಿ ನೋಡಿದಳು. ಒಂದು ಹನಿಯೂ ಇಲ್ಲ.

"ಒಂದು ಊದಿದ್ರೆ ಏನು ಹೇಳು?" ಎಂದೆ.

"ಹೋಲ್ಡಾನ್" ಎಂದಳು ಹಂಸ. ಆಮೇಲೆ ಮತ್ತೊಂದು ಸಲ ಊದಿದಳು.